ಭಾನುವಾರಕ್ಕೊಂದು ಮೂಲೆ ಬಾಡಿಗೆಗೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಬೈರೂತ್‌ನ ಬುರ್ಜ್ ಹಮ್ಮೂದ್ ಬಡಾವಣೆಯಲ್ಲಿ, ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ಬಾಗಿಲ ಮುಂದೆ ಜೆನೆಬೆಚ್ ಕುಕ್ಕುರುಗಾಲಿನಲ್ಲಿ ಕೂತು ಚಪ್ಪಲಿ ಆಯುತ್ತಿದ್ದಾಳೆ. ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡು ಒಳಗೆ ಸಾಗಿಸಿ, ಹೊರಗೆ ತನ್ನದೊಂದು ಜೋಡಿಯನ್ನು ಮಾತ್ರ ಬಿಡುತ್ತಾಳೆ. ಈ ಮನೆಯಲ್ಲಿ ಒಂಟಿ ಹೆಂಗಸೊಬ್ಬಳೇ ಇದ್ದಾಳೆ ಎಂದು ನಂಬಿಸಬೇಕಲ್ಲ!

"ಮದಾಂ ಇವತ್ತು ನೋಡೋಕೆ ಬರ್ತಾಳೆ," ಎನ್ನುತ್ತಾಳೆ, ಎದುರುಮನೆಯ ಬಾಗಿಲಲ್ಲಿ ನಿಂತ ನನಗೆ. "ಖಾಲಿ ಮಾಡು ಅಂದ್ಬಿಟ್ರೆ ಈ ಹುಡುಗೀರನ್ನೆಲ್ಲ ಎಲ್ಲಿಗೆ ಕರ್ಕೊಂಡು ಹೋಗ್ಲಿ, ನೀವೇ ಹೇಳಿ."

ಜೆನೆಬೆಚ್ ಇಥಿಯೋಪಿಯಾದ ಗೊಂದರ್ ಕಡೆಯಿಂದ ಮನೆಗೆಲಸಕ್ಕೆ ಬಂದವಳು. ವರ್ಷಗಟ್ಟಲೆ ಯಜಮಾನರ ಬಾಲ್ಕನಿಯಲ್ಲಿ, ವಾಷಿಂಗ್ ಮೆಷೀನಿನ ಪಕ್ಕ ಮಲಗಿದಳು. ಆಮೇಲೆ ಕೂಡಿಟ್ಟಿದ್ದನ್ನೆಲ್ಲ ಮುಂಗಡವಾಗಿ ಸುರಿದು ಈ ಮೂರು ಕೋಣೆಯ ಮನೆ ಹಿಡಿದು, ತನ್ನೂರಿನ ಹೆಂಗಸರಿಗೆ ಒಳಬಾಡಿಗೆಗೆ ಕೊಟ್ಟಳು. ದಿನಗೂಲಿಯ ಐವರು ಇಲ್ಲೇ ಇರುತ್ತಾರೆ. ಉಳಿದವರು ಭಾನುವಾರದ ಗಿರಾಕಿಗಳು, ಯಜಮಾನರ ಮನೆಯಲ್ಲೇ ಉಳಿಯುವ ಕೆಲಸದವರು. ವಾರಕ್ಕೊಮ್ಮೆ ರಜೆ ಸಿಕ್ಕಾಗ ಬಿಳಿ ಬಟ್ಟೆ ಉಟ್ಟು ಚರ್ಚಿಗೆ ಹೋಗಲು, ಕಾಲು ಚಾಚಲು, ಜೋರಾಗಿ ನಗಲು ಒಂದು ಮೂಲೆ ಮತ್ತು ಒಂದು ಸೂಟ್‌ಕೇಸಿನ ಜಾಗಕ್ಕೆ ಬಾಡಿಗೆ ಕೊಡುತ್ತಾರೆ.

ಲಾಭ ಮಾಡುತ್ತಾಳೆಯೇ? ಮಾಡುತ್ತಾಳೆ. ಅವಳೇನು ಧರ್ಮಛತ್ರ ಇಟ್ಟಿದ್ದಾಳೆಯೇ? ಬಾಡಿಗೆ, ಜನರೇಟರ್, ನೀರು ಕಳೆದು ಮಿಕ್ಕದ್ದು ಊರಲ್ಲಿರುವ ಮಗಳ ನರ್ಸಿಂಗ್ ಓದಿಗೆ ಹೋಗುತ್ತದೆ. ಆ ಮಿಕ್ಕದ್ದಕ್ಕಾಗಿಯೇ ಕೋಣೆಗಳನ್ನೆಲ್ಲ ಬಿಟ್ಟುಕೊಟ್ಟು ಅವಳು ಅಡುಗೆಮನೆಯ ನೆಲದಲ್ಲಿ ಮಲಗುತ್ತಾಳೆ.

"ನಾನು ಮಂಚದ ಮೇಲೆ ಮಲಗಿದ್ರೆ ಆ ಮಂಚದ ಬಾಡಿಗೆ ಯಾರು ಕೊಡ್ತಾರೆ, ನಿಮ್ಮಪ್ಪಾನಾ?" ಎಂದು ನನ್ನನ್ನೇ ಗದರುತ್ತಾಳೆ.

ಮನೆಯೊಡತಿ ಮದಾಂ ಶೂಶಾನ್ ಪಕ್ಕದ ಓಣಿಯ ಅರ್ಮೇನಿಯನ್ ಮುದುಕಿ. ಒಬ್ಬಳೇ ಇರುತ್ತೇನೆಂದ ಮಾತು ನಂಬಿ ಮನೆ ಕೊಟ್ಟವಳು. ಭಾನುವಾರ ಬಂತೆಂದರೆ ತೊಟ್ಟಿಯ ನೀರೆಲ್ಲ ಖಾಲಿ ಎಂದು ಕೆಳಮನೆಯ ದರ್ಜಿ ಚಾಡಿ ಹೇಳಿದ್ದಾನೆ. ಅದಕ್ಕೇ ಭಾನುವಾರವೇ ಬರುತ್ತಿದ್ದಾಳೆ.

ಹುಡುಗಿಯರನ್ನು ಚರ್ಚಿಗೆ ಅಟ್ಟಿದ್ದಾಯಿತು. ಸೂಟ್‌ಕೇಸುಗಳು ಎದುರುಮನೆಗೆ, ಅಂದರೆ ನನ್ನ ಮನೆಗೆ ಬಂದವು. ಧೈರ್ಯಕ್ಕಿರಲಿ ಎಂದು ನನ್ನನ್ನೂ ಕೂರಿಸಿಕೊಂಡಿದ್ದಾಳೆ. ಮದಾಂ ಬಂದು ಕೋಣೆಗಳಲ್ಲಿ ಇಣುಕಿ, ಏನೂ ಸಿಗದೆ ಕುರ್ಚಿಯಲ್ಲಿ ಕೂರುತ್ತಾಳೆ. ಮನೆಗೆ ಬಂದವರಿಗೆ ಕಾಫಿ ಕೊಡದಿರಲು ಜೆನೆಬೆಚ್‌ಗೆ ಬರುವುದಿಲ್ಲ. ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ತಟ್ಟೆಯಲ್ಲಿ ಕಪ್ಪು ಜೋಡಿಸುತ್ತಾಳೆ. ಮನೆಯವರಲ್ಲಿ ಯಾರಿಗೂ ಕಪ್ಪು ತಪ್ಪಿಸಬಾರದೆಂದು ತಾಯಿ ಕಲಿಸಿದ್ದು. ಗಾಬರಿಯಲ್ಲಿ ಕೈ ಅದೇ ರೂಢಿಯಂತೆ ಚರ್ಚಿಗೆ ಹೋದವರಿಗೂ ಸೇರಿಸಿ ಎಲ್ಲರಿಗೂ ಒಂದೊಂದು ಇಟ್ಟುಬಿಡುತ್ತದೆ.

"ಏನೇ, ಒಬ್ಳೇ ಹನ್ನೆರಡು ಕಪ್ಪಲ್ಲಿ ಕುಡೀತೀಯಾ?" ಎನ್ನುತ್ತಾಳೆ ಮದಾಂ.

ಜೆನೆಬೆಚ್ ಹೂಜಿ ಕೆಳಗಿಡುತ್ತಾಳೆ. "ಸುಳ್ಳು ಹೇಳಿದ್ದೆ ಮದಾಂ. ಇವು ನನ್ನ ಮನೆಯವ್ರವು. ಬಾಡಿಗೆ ಕೊಡ್ತಾರೆ ನಿಜ, ಆದ್ರೂ ನನ್ನ ಮನೆಯವ್ರೇ."

ಮುದುಕಿ ಒಂದು ಕಪ್ಪು ಮುಗಿಸಿ ಎದ್ದೇಬಿಡುತ್ತಾಳೆ. ಜೆನೆಬೆಚ್ ಅಡ್ಡ ನಿಲ್ಲುತ್ತಾಳೆ. "ಕೂತ್ಕೊಳ್ಳಿ. ನಮ್ಮಲ್ಲಿ ಮೂರು ಸಲ ಕುಡೀಬೇಕು, ಮೂರನೇದು ಆಶೀರ್ವಾದದ್ದು. ಬೈಯೋದಿದ್ರೆ ಅದಾದ್ಮೇಲೆ ಬೈರಿ."

ಮದಾಂ ಗೊಣಗುತ್ತ ಕೂರುತ್ತಾಳೆ. ಮೂರನೆಯದನ್ನು ಮುಗಿಸಿ ಕಪ್ಪು ಕೆಳಗಿಡುತ್ತಾಳೆ. "ಈಸ್ಟರ್ ತನಕ ಇರಿ. ಆಮೇಲಿಂದಕ್ಕೆ ಮಾತು ಕೊಡಲ್ಲ."

"ನಮ್ಮ ಈಸ್ಟರ್ ತನಕ ಅನ್ನಿ ಮದಾಂ. ನಮ್ಮ ಚರ್ಚಿನ ಪಂಚಾಂಗ ಬೇರೆ, ಈ ವರ್ಷ ನಿಮ್ಮದಾಗಿ ಎಷ್ಟೋ ವಾರಕ್ಕೆ ಬರುತ್ತೆ."

ಮುದುಕಿ ಬಾಗಿಲಲ್ಲಿ ನಿಂತು ದಿಟ್ಟಿಸುತ್ತಾಳೆ. "ಹೂಂ, ನಿಮ್ದೇ ಇಟ್ಕೋ, ಮಾರಿ! ನೀರು ಮಾತ್ರ ಕಮ್ಮಿ ಸುರೀರಿ."

ಈಸ್ಟರ್ ಆದಮೇಲೇನು? ಆ ದಿಗಿಲು ಹಾಗೇ ಇದೆ. ಮದಾಂ ಇಳಿದುಹೋದ ಮೇಲೆ, ನಿನಗೇ ಅಂತ ಏನಾದರೂ ಆಸೆ ಇದೆಯಾ ಎಂದು ಜೆನೆಬೆಚ್‌ಳನ್ನು ಕೇಳುತ್ತೇನೆ. "ಬಾಗಿಲಿರೋ ಕೋಣೇಲಿ ಒಂದಿನ ಮಲಗ್ಬೇಕು," ಎನ್ನುತ್ತಾಳೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚರ್ಚಿನಿಂದ ಮರಳುವವರ ಸದ್ದು. ಚಪ್ಪಲಿ ಹೊರಗೆ ಬಿಡಬೇಡಿ ಎಂದು ಬೆಳಿಗ್ಗೆ ಜೆನೆಬೆಚ್ ಗದರಿದ್ದು ನೆನಪಾಗಿ, ಹುಡುಗಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದೇ ಒಳಗೆ ಬರುತ್ತಾಳೆ.

"ಹೊರಗೇ ಬಿಡೇ," ಎನ್ನುತ್ತಾಳೆ ಜೆನೆಬೆಚ್. "ಈಸ್ಟರ್ ತನಕ ಇದು ನಮ್ಮ ಮನೆ."