ಮೈಕಿನ ಮುಂದೆ ನುಂಗಿದ ಮಾತು

ಸುವಾರ್ತಮ್ಮನವರನ್ನು ನಾನು ಮೊದಲು ನೋಡಿದ್ದು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ, ಡಯಾಲಿಸಿಸ್ ಕೋಣೆಯ ಹೊರಗೆ. ಬೇಸಿಗೆ ಇನ್ನೂ ಪೂರ್ತಿ ಶುರುವಾಗಿರಲಿಲ್ಲ, ಆದರೂ ಬೆಳಗಿನ ಹೊತ್ತಿಗೇ ಗೋಡೆ ಕಾದಿತ್ತು. ನನ್ನ ಅವ್ವ ಶರಣಮ್ಮನನ್ನು ಒಳಗೆ ಮಷಿನ್ನಿಗೆ ಹಾಕಿದ್ದರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ ಆದ್ದರಿಂದ ಡಾಕ್ಟರರ ಮಾತು ಕೇಳಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಬ್ಬಿಣದ ಬೆಂಚಿನ ಮೇಲೆ ಕುಳಿತಿದ್ದೆ.

ಗಂಡ ಹೆಂಡತಿ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಗಂಡ ಅಷ್ಟು ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಹಾಕಿಕೊಂಡಿದ್ದರು. ಹೆಂಡತಿಯ ಹಣೆ ಬರಿದಾಗಿತ್ತು, ಸೆರಗಿನಿಂದ ಮಿರ್ಚಿ ಕರಿದ ಎಣ್ಣೆಯ ವಾಸನೆ ಬರುತ್ತಿತ್ತು. ಗಂಡನನ್ನು ಒಳಗೆ ಕಳಿಸಿ, ಬಾಗಿಲು ಮುಚ್ಚಿಕೊಂಡಿತೇ ಎಂದು ಕೈಯಿಂದ ಒತ್ತಿ ನೋಡಿ, ಚೀಲ ತಂದು ನನ್ನ ಪಕ್ಕದಲ್ಲಿಟ್ಟರು.

"ತಮ್ಮಾ, ಇದನ್ನ ಸ್ವಲ್ಪ ನೋಡಕೊಂತ ಕುಂದ್ರು."

ಅವರು ಮಾತ್ರ ಕುಳಿತುಕೊಳ್ಳಲಿಲ್ಲ. ಕಿಟಕಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಕಿಟಕಿಗೆ ತಿರುಗಾಡತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಂದೆ ನಿಂತು, "ಇಲ್ಲಿಗೆ ದೇವದುರ್ಗದ ಮಂದಿ ಯಾರರ ಬರತಾರೇನಪಾ?" ಎಂದು ಕೇಳಿದರು.

ಜೊತೆಗೆ ಊರಿನವರು ಯಾರಾದರೂ ಇದ್ದಾರೇನೋ ಎಂದು ಹುಡುಕುತ್ತಿದ್ದಾರೆಂದುಕೊಂಡು ನಾನು ಖುಷಿಯಿಂದ, "ನಾವೇ ದೇವದುರ್ಗದವರು ನೋಡ್ರಿ. ಊರು ಗೂಗಲ್ ಹಳ್ಳಿ ಕಡೆ, ಮನಿ ದೇವದುರ್ಗದಾಗ ಮಾಡೀವಿ" ಎಂದೆ.

ಅವರ ಮುಖ ಬಾಡಿತು. "ಹೂಂ" ಎಂದಷ್ಟೇ ಹೇಳಿ, ಚೀಲ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ನನಗೆ ಬೆನ್ನು ಹಾಕಿ ನಿಂತರು. ನಾನೇನು ತಪ್ಪು ಮಾತಾಡಿದೆ ಎಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ಅವರ ಗಂಡನಿಂದ. ಮುದುಕಪ್ಪ ಗೌಂಡಿ ಕೆಲಸದವರು. ದೇವದುರ್ಗದ ಎಷ್ಟೋ ಮನೆಯ ಗೋಡೆ ಅವರು ಕಟ್ಟಿದ್ದೇ. ಒಳಗೆ ನನ್ನ ಅವ್ವನ ಪಕ್ಕದ ಮಂಚ ಅವರದಾಗಿತ್ತು. ಮಷಿನ್ನಿನ ಮುಂದೆ ಗಂಟೆಗಟ್ಟಲೆ ಮಲಗಿದವರಿಗೆ ಮಾತು ಬಿಟ್ಟರೆ ಬೇರೇನಿರುತ್ತದೆ? ಅವ್ವ ವಿಭೂತಿ ಹಚ್ಚಿಕೊಂಡು ಮಲಗುವವಳು, ಅವರು ಮಲಗುವ ಮುಂಚೆ ಯೇಸುಸ್ವಾಮಿಗೆ ಕೈ ಮುಗಿಯುವವರು. ಅವ್ವ ಒಂದು ದಿನ ನನ್ನೆದುರಿಗೇ ಕೇಳಿದಳು, "ಅಣ್ಣಾ, ನಿನ್ನ ಹೇಣ್ತಿ ಯಾಕ ಹಂಗ ತಿರಗತಾಳ? ನಿಮ್ಮ ದೇವರು ಬೆಂಚಿನ ಮ್ಯಾಲೆ ಕುಂದ್ರಬ್ಯಾಡ ಅಂದಾನೇನು?"

ಮುದುಕಪ್ಪ ನಕ್ಕರು. "ತಂಗೀ, ನಾ ಗುಣ ಆಗೀನಿ. ಮಾನವಿಯಾಗ ಎಲ್ಲಾರಿಗೂ ಗೊತ್ತದ, ದೇವದುರ್ಗದಾಗ ಎಲ್ಲಾರಿಗೂ ಗೊತ್ತದ. ನಂಗೊಬ್ಬಂಗೇ ಗೊತ್ತಾಗವಲ್ದು."

ಆಮೇಲೆ ಸಂಗತಿ ಹೇಳಿದರು. ಹಿಂದಿನ ವರ್ಷ ಅವರಿಗೆ ಜ್ವರ ಬಂದು ಕಿಡ್ನಿ ಕೆಟ್ಟಿತ್ತು. ಕೆಲವು ದಿನ ಡಯಾಲಿಸಿಸ್ ಆದ ಮೇಲೆ ರಕ್ತದ ರಿಪೋರ್ಟು ಸುಧಾರಿಸಿತು. ಡಾಕ್ಟರು, "ಸದ್ಯಕ್ಕೆ ನಿಲ್ಲಿಸೋಣ, ಮುಂದೆ ಹೇಗಾಗುತ್ತದೋ ನೋಡೋಣ" ಎಂದರು. ಅದೇ ತಿಂಗಳು ಮಾನವಿಯ ಬಯಲಿನಲ್ಲಿ ಸುತ್ತಲ ಕ್ರೈಸ್ತ ಸಭೆಗಳೆಲ್ಲ ಸೇರಿ ದೊಡ್ಡ ಪ್ರಾರ್ಥನಾ ಕೂಟ ಇಟ್ಟಿದ್ದವು. ಅಂಥ ಕೂಟಗಳಲ್ಲಿ ಸಾಕ್ಷಿ ಹೇಳುವುದೆಂದು ಒಂದು ಸಮಯವಿರುತ್ತದೆ. ದೇವರು ತಮಗೆ ಮಾಡಿದ ಉಪಕಾರವನ್ನು ಜನ ಎದ್ದು ನಿಂತು ಎಲ್ಲರೆದುರು ಹೇಳುತ್ತಾರೆ. ಸುವಾರ್ತಮ್ಮ ಮೈಕು ಹಿಡಿದು, ತನ್ನ ಗಂಡ ಪೂರ್ತಿ ಗುಣವಾದ, ಇನ್ನು ಮಷಿನ್ನು ಬೇಡ, ದೇವರೇ ಕಿಡ್ನಿ ಮುಟ್ಟಿದ ಎಂದು ಅಳುತ್ತಾ ಸಾಕ್ಷಿ ಹೇಳಿದರು. ಯಾರೋ ಅದನ್ನು ಫೋನಿನಲ್ಲಿ ತೆಗೆದರು. ವಿಡಿಯೋ ಊರೂರಿಗೆ ಹೋಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಮುದುಕಪ್ಪನವರ ಕಾಲು ಮತ್ತೆ ಊದಿತು, ಡಯಾಲಿಸಿಸ್ ಮತ್ತೆ ಶುರುವಾಯಿತು.

ಆಗಿನಿಂದ ಸುವಾರ್ತಮ್ಮ ದೇವದುರ್ಗದ ತಮ್ಮ ಸಭೆಯವರಿಗೆ, "ರಾಯಚೂರಾಗ ಮಗಳ ಮನಿಗೆ ಹೊಂಟೀವಿ" ಎಂದು ಹೇಳಿ ಬರುತ್ತಿದ್ದರು. ಮುದುಕಪ್ಪನವರ ಎಡಗೈಯಲ್ಲಿ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ನರ ದಪ್ಪ ಮಾಡಿದ್ದರು. ಅದು ಕಾಣದಿರಲೆಂದು ಉದ್ದ ತೋಳಿನ ಅಂಗಿ. ಸಭೆಯವರು ಏನಂದಾರು ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು, ದೇವರ ಹೆಸರು ಕೆಟ್ಟೀತು ಎಂಬ ಹೆದರಿಕೆ. ಬೆಂಚಿನ ಮುಂದೆ ಓಡಾಡುವಾಗ ಅವರು ಒಂದು ಸ್ತೋತ್ರದ ಹಾಡು ಶುರು ಮಾಡುವುದು, ಮೊದಲ ಸಾಲಿಗೇ ನಿಲ್ಲಿಸುವುದು ನಾನು ಎಷ್ಟೋ ಸಲ ಕೇಳಿದ್ದೆ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಸವಿತಾ ಬಂದಳು.

ಅವಳು ಮಾನವಿಯ ಹುಡುಗಿ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಪ್ಪ ದೇವಪುತ್ರಪ್ಪನನ್ನು ಡಾಕ್ಟರಿಗೆ ತೋರಿಸಲು ಕರೆತಂದಿದ್ದಳು. ಮುದುಕನ ಮುಖ ಊದಿತ್ತು, ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಸವಿತಾ ಸುವಾರ್ತಮ್ಮನನ್ನು ನೋಡಿದಳು, ಮತ್ತೊಮ್ಮೆ ನೋಡಿದಳು, ಫೋನು ತೆಗೆದಳು.

"ಯವ್ವಾ, ನೀವು ಈ ವಿಡಿಯೋದಾಗಿನ ಅವ್ವ ಅಲ್ಲೇನ್ರಿ?"

ಸುವಾರ್ತಮ್ಮ ಅಲ್ಲ ಎನ್ನಲಿಲ್ಲ.

"ನೋಡ್ರಿ, ನಮ್ಮಪ್ಪ ದಿನಾ ಇದನ್ನೇ ಹಚ್ಚು ಅಂತಾನ. ಡಾಕ್ಟರು ಇವತ್ತೇ ಮಷಿನ್ನಿಗೆ ಹಾಕಬೇಕು ಅಂದ್ರು. ಇಂವ ಒಪ್ಪವಲ್ಲ."

ದೇವಪುತ್ರಪ್ಪ ಬೆಂಚಿನ ತುದಿಗೆ ಕುಳಿತು ಏದುಸಿರಿನಲ್ಲೇ ಹೇಳಿದ, "ಯಾಕ ಒಪ್ಪಬೇಕು? ಈ ತಂಗಿ ಗಂಡಗ ಮಾಡಿದಾತ ನಂಗ ಮಾಡಂಗಿಲ್ಲೇನು? ನಾ ಏನು ಆತಗ ಸವತಿ ಮಗನೇನು? ಕಾಯ್ತೀನಿ." ಆಮೇಲೆ ಸುವಾರ್ತಮ್ಮನ ಕಡೆ ತಿರುಗಿ ಕೇಳಿದ, "ನೀ ಇಲ್ಲಿ ಯಾಕ ಬಂದಿ ತಂಗಿ?"

"ಗುರುತಿನವರೊಬ್ಬರು ಒಳಗ ಅದಾರ" ಎಂದರು ಸುವಾರ್ತಮ್ಮ. ಬಾಗಿಲಿನಾಚೆ ಮುದುಕಪ್ಪನವರ ಮಷಿನ್ನು ಕುಂಯ್ ಕುಂಯ್ ಎಂದು ಕೂಗಿತು. ಅವರು ತಿರುಗಿ ನೋಡಲಿಲ್ಲ.

"ಹಂಗಾದ್ರ ದೇವರೇ ಕಳಿಸ್ಯಾನ. ಕೈ ಇಟ್ಟು ಪ್ರಾರ್ಥನಿ ಮಾಡು." ಮುದುಕ ತಲೆಯ ಮೇಲಿನ ಟವೆಲ್ ತೆಗೆದು ತಲೆ ಬಗ್ಗಿಸಿದ.

ಸುವಾರ್ತಮ್ಮ ಕೈ ಇಟ್ಟರು. "ಸ್ವಾಮೀ..." ಎಂದರು. ಮುಂದೆ ಮಾತು ಬರಲಿಲ್ಲ. ಒಳಗೆ ಮಷಿನ್ನು ಮತ್ತೆ ಕೂಗಿತು. ಪವಿತ್ರಾತ್ಮ ತುಂಬಿ ಬಂದಿದೆ ಎಂದುಕೊಂಡ ಸವಿತಾ ತಾನೇ "ಆಮೆನ್" ಎಂದಳು. ಮುದುಕ ಕಣ್ಣೊರೆಸಿಕೊಂಡು ಎದ್ದ. ಇಬ್ಬರೂ ಮೆಟ್ಟಿಲಿಳಿದು ಹೋದರು.

ಸುವಾರ್ತಮ್ಮ ಅದೇ ಕೈ ನೋಡಿಕೊಳ್ಳುತ್ತಾ ನಿಂತಿದ್ದರು. ಇದ್ದಕ್ಕಿದ್ದಂತೆ ಕೆಳಗೆ ಓಡಿದರು. ನಾನೂ ಹಿಂದೆ ಓಡಿದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ.

"ಆ ಮುದುಕ ಸಾಯ್ತಾನೇನು ತಮ್ಮಾ? ಓದಿದವ ಅದಿ, ಹೇಳು."

ಡಾಕ್ಟರು ಹೇಳಿದ್ದು ನನಗೂ ಕೇಳಿಸಿತ್ತು. "ಮಷಿನ್ನಿಗೆ ಹಾಕದಿದ್ರ ಉಳಿಯೂದು ಕಷ್ಟ" ಎಂದೆ.

ಆ ವಾರ ಅವರು ಮಾನವಿಯಲ್ಲಿರುವ ಗುರುತಿನವರಿಗೆಲ್ಲ ಫೋನು ಮಾಡಿ, ಸವಿತಾ ಯಾವ ಸಭೆಗೆ ಹೋಗುತ್ತಾಳೆಂದು ಪತ್ತೆ ಮಾಡಿದರು. ಆದರೆ ಅವಳ ನಂಬರು ಸಿಕ್ಕಿದರೂ ಫೋನಿನಲ್ಲಿ ಹೇಳಲಾರೆ ಎಂದು ನನಗೆ ಹೇಳಿದರು. "ಎಲ್ಲಾರ ಮುಂದ ಹೇಳಿದ ಮಾತು ಎಲ್ಲಾರ ಮುಂದೇ ತಗೀಬೇಕು. ನೀ ಜತಿಗೆ ಬಾ. ಬಾಗಲದಾಗ ನಿಂದ್ರು. ನಾ ಎದ್ದು ಓಡಾಕ ನೋಡಿದ್ರ ಬಿಡಬ್ಯಾಡ."

ಭಾನುವಾರ ಬೆಳಿಗ್ಗೆ ದೇವದುರ್ಗದಿಂದ ಹೊರಟೆವು. ಮುದುಕಪ್ಪನವರೂ ಬಂದರು. ಸಿರವಾರದಲ್ಲಿ ಬಸ್ಸು ನಿಂತಾಗ ಸುವಾರ್ತಮ್ಮ ಇಳಿದುಬಿಟ್ಟರು. "ತಿರುಗಿ ಹೋಗೂನು. ನಂಗ ಎದಿ ಹೊಡಕೊಳ್ಳಾಕತ್ತದ" ಎಂದರು. ಮುದುಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀ ಹೋಗು. ನಾ ಹೋಗಿ ತೋಳು ತೋರಿಸಿ ಬರತೀನಿ. ಮಾತಾಡೂದರಾಗ ನೀ ಶ್ಯಾಣ್ಯಾಕಿ, ಆದ್ರ ರೋಗ ನಂದು" ಎಂದರು.

ಕಂಡಕ್ಟರು ಸಿಟ್ಟಾದ. "ಯವ್ವಾ, ಇಳೀತೀಯೋ ಏರತೀಯೋ? ನಿನ್ನ ಸಲುವಾಗಿ ಗಾಡಿ ಇಲ್ಲೇ ನಿಂದ್ರಸಲೇನು?"

ಅವರು ಏರಿದರು. ಮಾನವಿ ಬರುವವರೆಗೆ ಮುಂದಿನ ಸೀಟಿನ ಕಂಬಿಯನ್ನು ಬಿಡಲಿಲ್ಲ.

ಸಭೆ ನಡೆಯುತ್ತಿದ್ದುದು ತಗಡಿನ ಛಾವಣಿಯ ಉದ್ದನೆಯ ಹಾಲಿನಲ್ಲಿ. ನಾನು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ನಿಂತೆ. ಹಾಡು ಮುಗಿದು ಸಾಕ್ಷಿಯ ಸಮಯ ಬಂತು. ಒಬ್ಬಳು ಮಗನಿಗೆ ನೌಕರಿ ಸಿಕ್ಕಿದ್ದು ಹೇಳಿದಳು, ಇನ್ನೊಬ್ಬ ಅಪಘಾತದಲ್ಲಿ ಉಳಿದದ್ದು ಹೇಳಿದ. ಸುವಾರ್ತಮ್ಮ ಎದ್ದಾಗ ಗುರುತು ಹಿಡಿದವರು ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದರು. ಪಾಸ್ಟರ್ ಸಂತೋಷದಿಂದ ಮೈಕು ಕೊಟ್ಟರು.

"ನನ್ನ ಗಂಡ ಗುಣ ಆಗಿಲ್ಲ" ಎಂದರು ಸುವಾರ್ತಮ್ಮ.

ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಮುಂದುವರಿಸಿದರು.

"ಡಾಕ್ಟರು 'ನೋಡೋಣ' ಅಂದಿದ್ರು. ಆ 'ನೋಡೋಣ' ಅನ್ನೂ ಮಾತು ನಾ ಮೈಕಿನ ಮುಂದ ನುಂಗಿದೆ. ದೇವರ ಕೆಲಸ ಅರ್ಧ ಅಂತ ಹ್ಯಾಂಗ ಹೇಳಲಿ ಅಂತ ನಾನೇ ಪೂರ್ತಿ ಮಾಡಿ ಹೇಳಿದೆ. ಈಗ ವಾರಾ ಮಷಿನ್ನಿಗೆ ಹೋಗತೀವಿ."

ಮುಂದಿನ ಸಾಲಿನ ಅಜ್ಜಿಯೊಬ್ಬಳು ಗಟ್ಟಿಯಾಗಿಯೇ ಕೇಳಿದಳು, "ಹಂಗಾದ್ರ ಅವತ್ತು ಒದರಿದಾಕಿ ಯಾರಬೇ?"

"ನಾನೇ ಯವ್ವಾ."

ಅವರು ಬಾಗಿಲ ಕಡೆ ನೋಡಿದರು. ನಾನು ಅಡ್ಡ ನಿಂತಿದ್ದೆ. ಮತ್ತೆ ಮೈಕಿನ ಕಡೆ ತಿರುಗಿದರು.

"ಸುಳ್ಳು ಮುಚ್ಚಾಕ ಶುರು ಮಾಡಿದಾಗಿಂದ ಪ್ರಾರ್ಥನಿಗೆ ಕುಂತ್ರ ಬಾಯಿ ಒಣಗತದ. ಸ್ವಾಮಿ ನನ್ನ ಬಿಟ್ಟು ಹೋದ ಅಂದುಕೊಂಡೆ. ಆಸ್ಪತ್ರಿ ತುಂಬ ತಿರುಗೀನಿ, ಎಲ್ಲೂ ಕಾಣಲಿಲ್ಲ. ಮೊನ್ನಿ ಈ ಅಣ್ಣನ ತಲಿ ಮ್ಯಾಲೆ ಕೈ ಇಟ್ಟಾಗ ಒಳಗ ಮಷಿನ್ನು ಕೂಗಿತು. ಅವಾಗ ತಿಳೀತು. ನಾ ಗಂಡನ್ನ ಯಾವ ಬಾಗಲ ಹಿಂದ ಮುಚ್ಚಿಟ್ಟಿದ್ನೋ, ಸ್ವಾಮೀನೂ ಅದೇ ಬಾಗಲ ಹಿಂದ ಅವನ ಕೂಡ ಕುಂತಾನ. ನಾ ಹೊರಗ ನಿಂತು ಹುಡುಕಾಕತ್ತಿದ್ದೆ. ಇಷ್ಟೇ ನನ್ನ ಸಾಕ್ಷಿ. ಅಣ್ಣಾ ದೇವಪುತ್ರಪ್ಪಾ, ನನ್ನ ನೋಡಿ ಕಾಯಬ್ಯಾಡ. ಸೂಜಿ ಹಾಕಿಸ್ಕೋ."

ದೇವಪುತ್ರಪ್ಪ ಗೋಡೆಗೆ ಒರಗಿ ಕುಳಿತಿದ್ದ. "ಇದ್ದ ಒಂದು ಆಸಿನೂ ಕಿತ್ತಗೊಂಡಿಯಲ್ಲ ತಂಗಿ" ಎಂದ. ಅವನ ದನಿಯಲ್ಲಿ ಸಿಟ್ಟಿತ್ತು.

ಆಗ ಮುದುಕಪ್ಪ ಎದ್ದು, ಮಣಿಕಟ್ಟಿನ ಗುಂಡಿ ಬಿಚ್ಚಿ, ತೋಳು ಮೇಲೇರಿಸಿಕೊಂಡು ಅವನ ಎದುರಿಗೆ ಹೋಗಿ ಕುಳಿತರು. ನರ ಹಗ್ಗದಂತೆ ಉಬ್ಬಿತ್ತು. "ಇಲ್ಲಿ ಬೆರಳಿಡೋ. ಬೆಕ್ಕು ಗುರಗುಟ್ಟಿದಂಗ ಆಗತದ ನೋಡು. ಇಡೋ ಮಾರಾಯಾ, ಕಚ್ಚಂಗಿಲ್ಲ."

ದೇವಪುತ್ರಪ್ಪ ಒಲ್ಲದ ಮನಸ್ಸಿನಿಂದ ಬೆರಳಿಟ್ಟ. ತಟ್ಟನೆ ತೆಗೆದ. ಮತ್ತೆ ಇಟ್ಟ.

"ನೋಯ್ತದೇನು?"

"ಚುಚ್ಚುವಾಗ ನೋಯ್ತದ. ಆದ್ರ ಮೊನ್ನಿ ಕೆಲಸಕ್ಕ ಹೋಗಿ ಒಂದು ಮನಿ ಮುಂದ ಕುಂದ್ರೂ ಕಟ್ಟಿ ಕಟ್ಟಿ ಬಂದೀನಿ. ಸಣ್ಣದು."

ಪಾಸ್ಟರ್ ಏನೂ ಉಪದೇಶ ಮಾಡಲಿಲ್ಲ. ಮೈಕು ಆರಿಸಿ, ಬಂದು ಅವರಿಬ್ಬರ ಹತ್ತಿರ ನೆಲದ ಮೇಲೆ ಕುಳಿತರು. ದೇವಪುತ್ರಪ್ಪ ಮಾತ್ರ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಸುವಾರ್ತಮ್ಮ, "ಬಂದಾನೇನು?" ಎಂದು ಕೇಳುತ್ತಲೇ ಇದ್ದರು. ಹೇಳಿದ್ದರಿಂದ ಅವರಿಗೆ ನೆಮ್ಮದಿಯಾದಂತೆ ನನಗೇನೂ ಕಾಣಲಿಲ್ಲ.

ಮರುದಿನ ನಮ್ಮ ಸರದಿ. ಅವರು ಮೊದಲಿನ ಹಾಗೆಯೇ ಕಿಟಕಿಗೂ ಮೆಟ್ಟಿಲಿಗೂ ತಿರುಗಾಡಿದರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಏದುಸಿರಿನ ಸದ್ದು ಕೇಳಿತು. ಸವಿತಾಳ ಹೆಗಲಿಗೆ ಕೈ ಹಾಕಿ ದೇವಪುತ್ರಪ್ಪ ಹತ್ತಿ ಬರುತ್ತಿದ್ದ. ಮೇಲೆ ಬಂದವನೇ, "ಇಷ್ಟು ಮೆಟ್ಟಲ ಹತ್ತಿಸಿ ಕೊಲ್ಲಾಕ ಕರೆಸೀಯೇನು?" ಎಂದು ಗದರಿ, ಬೆಂಚಿನ ಮೇಲೆ ಕುಸಿದ. ಸ್ವಲ್ಪ ಸುಧಾರಿಸಿಕೊಂಡು ಟವೆಲ್ ತೆಗೆದ. "ಅವತ್ತು ಅರ್ಧಕ್ಕ ನಿಲ್ಲಿಸಿದಿ. ಇವತ್ತು ಮುಗಿಸು. ನಂಗ ಹೆದರಿಕಿ ಆಗೇದ."

ಸುವಾರ್ತಮ್ಮ ಕೈ ಇಟ್ಟರು. "ಸ್ವಾಮೀ, ಈ ಅಣ್ಣ ಒಳಗ ಹೊಂಟಾನ. ನಮಗ ಏನಾಗತದೋ ಗೊತ್ತಿಲ್ಲ. ನೀ ಅಲ್ಲೇ ಅದಿ. ಹೆದರಬ್ಯಾಡ ಅಂತ ಹೇಳು" ಎಂದರು. ಈ ಸಲ ಆಮೆನ್ ಅವರೇ ಹೇಳಿದರು. ಬಾಗಿಲು ತೆರೆದು ಮುದುಕನನ್ನು ಒಳಗೆ ಕರೆದುಕೊಂಡು ಹೋದರು. ಆ ಬಾಗಿಲನ್ನು ಅವರು ದಾಟಿದ್ದು ನಾನು ನೋಡಿದ್ದು ಅದೇ ಮೊದಲು.

ಹಳೆಯ ವಿಡಿಯೋ ಇನ್ನೂ ಹರಿದಾಡುತ್ತಿದೆ. ಅದನ್ನು ನೋಡಿ ಫೋನು ಮಾಡಿದವರಿಗೆಲ್ಲ ಅವರು ಮುಂದಿನ ಸಂಗತಿ ಹೇಳುತ್ತಾರೆ. ಕೆಲವರು ಬೈದು ಇಡುತ್ತಾರೆ. ದೇವದುರ್ಗದ ಸಭೆಯಲ್ಲೂ ಅವರು ಎದ್ದು ನಿಜ ಹೇಳಿದರು. ಒಂದೆರಡು ಮನೆಯವರು ಮಾತು ಬಿಟ್ಟಿದ್ದಾರೆ. ಮುದುಕಪ್ಪ ಈಗ ಅರ್ಧ ತೋಳಿನ ಅಂಗಿ ತೊಡುತ್ತಾರೆ. ಕೆಲವು ವಾರ ಅವರ ಮುಖ ಚೆನ್ನಾಗಿರುತ್ತದೆ, ಕೆಲವು ವಾರ ಇರುವುದಿಲ್ಲ.

ಸುವಾರ್ತಮ್ಮ ಈಗಲೂ ದೇವದುರ್ಗದ ಬಸ್ ನಿಲ್ದಾಣದ ಹತ್ತಿರ ಬಂಡಿಯಲ್ಲಿ ಮಿರ್ಚಿ, ಮಂಡಕ್ಕಿ ಒಗ್ಗರಣೆ ಮಾರುತ್ತಾರೆ. ಡಯಾಲಿಸಿಸ್ ಇರುವ ದಿನ ಬಂಡಿ ಮುಚ್ಚಿ ಗಂಡನ ಜೊತೆ ರಾಯಚೂರಿಗೆ ಬರುತ್ತಾರೆ. ಹೊಸದಾಗಿ ಬಂದವರ ಮನೆಯವರು ಹೊರಗೆ ಕುಳಿತಿದ್ದರೆ, ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ.