ಡಬ್ಬಿ ಮೂಸುವ ಬೌದಿ

ಓಣಿಗೆ ಬೆಳಕು ಈಗಷ್ಟೇ ಇಳಿಯುತ್ತಿದೆ. ಹಾತಿಬಾಗಾನಿನ ಟ್ರಾಮ್ ರಸ್ತೆಯ ಹಿಂಬದಿ, ಶೀಲರ ಮನೆಯ ಅಂಗಳದಲ್ಲಿ ಬಿಭಾ ಶೀಲ್ ಕೈಗೆ ಸೋಪಿನ ನೊರೆ ಹಚ್ಚಿಕೊಂಡು ಎಡಗೈಯ ಕಬ್ಬಿಣದ ಬಳೆಯನ್ನು ಜಾರಿಸುತ್ತಿದ್ದಾರೆ. ಗಂಡ ಬದುಕಿರುವಾಗ ಹೆಂಗಸು ಈ ಬಳೆ ತೆಗೆಯಬಾರದು. ಬಿಭಾ ದಿನಾ ತೆಗೆಯುತ್ತಾರೆ, ಹಣೆಗೊತ್ತಿಕೊಂಡು ತುಳಸಿಕಟ್ಟೆಯ ಮೇಲಿಡುತ್ತಾರೆ. ಕೆಳಗಿನ ಕೋಣೆಯಲ್ಲಿ ಹಳೆಯ ಫಿಲ್ಮಿನ ಐದು ತಗಡಿನ ಡಬ್ಬಿಗಳಿವೆ. ಅವಕ್ಕೆ ಕಬ್ಬಿಣ ತಾಗಿ ಒಂದು ಕಿಡಿ ಹಾರಿದರೆ ಗಂಡನೂ ಇಲ್ಲ, ಮನೆಯೂ ಇಲ್ಲ ಎಂಬುದು ಅವರ ಲೆಕ್ಕ.

"ಗಂಡನ ಆಯಸ್ಸನ್ನ ದಿನಾ ಬೆಳಿಗ್ಗೆ ಒಂದು ಗಳಿಗೆ ಬಿಚ್ಚಿಡ್ತೀನಿ" ಎನ್ನುತ್ತಾರೆ. "ಅವ್ರಿಗೆ ಹೇಳ್ಬೇಡಿ. ಗೊತ್ತಿದೆ ಅವ್ರಿಗೆ, ಆದ್ರೂ ಹೇಳ್ಬೇಡಿ."

ಆ ಕೋಣೆಗೆ ಕರೆಂಟಿನ ತಂತಿ ಎಳೆದಿಲ್ಲ. ಕಿಟಕಿಯ ಬೆಳಕು ಬಂದ ಮೇಲೆ, ಬಿಸಿಲು ಏರುವ ಮೊದಲು, ಅಷ್ಟೇ ಹೊತ್ತಿನಲ್ಲಿ ಕೆಲಸ ಮುಗಿಯಬೇಕು. ಬಿಭಾ ಬರಿಗಾಲಲ್ಲಿ ಒಳಗೆ ಹೋಗಿ ಒಂದೊಂದೇ ಮುಚ್ಚಳ ಸರಿಸುತ್ತಾರೆ, ಬಗ್ಗಿ ಮೂಸುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಆ ಕಾಲದ ಫಿಲ್ಮು ಕೊಳೆತರೆ ಮೊದಲು ವಾಸನೆ ಬರುತ್ತದೆ, ಆಮೇಲೆ ಬೇಸಿಗೆಯ ಕಾವಿಗೇ ಹೊತ್ತಿಕೊಳ್ಳಬಹುದು. ಇವರ ಬಗ್ಗೆ ಬರೆಯಲು ಬಂದ ನಾನು ಬಾಗಿಲ ಹೊರಗೇ ನಿಂತಿದ್ದೇನೆ. ಧೈರ್ಯವಂತರ ಬಗ್ಗೆ ಬರೆಯುವವನೂ ಧೈರ್ಯವಂತನಾಗಿರಬೇಕೆಂದು ಎಲ್ಲೂ ಹೇಳಿಲ್ಲ. ನಾಲ್ಕನೆಯ ಡಬ್ಬಿಯ ಮುಂದೆ ಅವರು ಎರಡು ಸಲ ಬಗ್ಗುತ್ತಾರೆ. ಹೊರಬಂದಾಗ ಮುಖ ಬಿಳುಚಿಕೊಂಡಿದೆ.

"ನಾಲ್ಕನೇದು ಮೂಗಿಗೆ ಚುಚ್ತಾ ಇದೆ" ಎಂದು ಮೆಟ್ಟಿಲ ಮೇಲೆ ಕೂರುತ್ತಾರೆ. "ನಿನ್ನೆ ಇರ್ಲಿಲ್ಲ. ಸ್ವಲ್ಪ ಕೂತ್ಕೋತೀನಿ."

ಈ ಅಂಗಳದಲ್ಲೇ ಒಂದು ಕಾಲಕ್ಕೆ ಬೆಕ್ಕು, ಕಾಗೆ, ಗುಮಾಸ್ತ, ಪೊಲೀಸಪ್ಪ ಎಲ್ಲರೂ ಎದ್ದು ಕುಣಿಯುತ್ತಿದ್ದರು. ಎರಡನೆಯ ಮಹಾಯುದ್ಧಕ್ಕೂ ಮುಂಚೆ ಶೀಲ್ ಮನೆತನದ ಮೂವರು ಅಣ್ಣತಮ್ಮಂದಿರು ಇಲ್ಲಿ ಕಾರ್ಟೂನ್ ಸಿನಿಮಾಗಳ ಸ್ಟುಡಿಯೊ ನಡೆಸಿದರು. ಹಿರಿಯವನು ಗಾಜಿನಂಥ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದ, ಎರಡನೆಯವನು ಬಣ್ಣ ತುಂಬುತ್ತಿದ್ದ, ಕಿರಿಯ ಸುಧಾಮಯ ಮಂಚದ ಕಾಲುಗಳಿಗೆ ಕ್ಯಾಮೆರಾ ಬಿಗಿದು ಒಂದೊಂದೇ ಹಾಳೆಯ ಚಿತ್ರ ತೆಗೆಯುತ್ತಿದ್ದ. ಹಾಳೆ ಹಡಗಿನಲ್ಲಿ ಬರಬೇಕಿತ್ತು. ಹಾಗಾಗಿ ಚಿತ್ರ ತೆಗೆದಾದ ಕೂಡಲೇ ಬಣ್ಣ ತೊಳೆದು, ಅದೇ ಹಾಳೆಯ ಮೇಲೆ ಮುಂದಿನ ಚಿತ್ರ ಬರೆಯುತ್ತಿದ್ದರು. ತೊಳೆಯುವ ಕೆಲಸ ತಂಗಿ ಹೇಮನಲಿನಿಯದು. ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರಾದರೆ ಹಾಳೆ ಸುರುಟಿಕೊಳ್ಳುತ್ತದೆ. ನೆರಳಲ್ಲೇ ಒಣಗಿಸಬೇಕು. ಹೀಗೆ ತೊಳೆದೂ ತೊಳೆದೂ ಆ ಮನೆಯಲ್ಲಿ ಬರೆದ ಒಂದೇ ಒಂದು ಚಿತ್ರವೂ ಉಳಿದಿಲ್ಲ. ಉಳಿದಿರುವುದು ಈ ಐದು ಡಬ್ಬಿ.

ತೊಂಬತ್ತಾರು ದಾಟಿದ ಹೇಮನಲಿನಿ ಈಗಲೂ ಇದ್ದಾರೆ. ಡಬ್ಬಿಯ ಕೋಣೆಯ ನೇರ ಮೇಲಿನ ಕೋಣೆಯಲ್ಲಿ ಮಲಗಿದಲ್ಲೇ ಇದ್ದಾರೆ. ಬಿಭಾಗೆ ಅವರು ಪಿಶಿಮಾ, ಅಂದರೆ ಗಂಡನ ಸೋದರತ್ತೆ. ಯುದ್ಧದ ವರ್ಷ ಅಣ್ಣಂದಿರಿಗೆ ಕೆಲಸವಿಲ್ಲದೆ ಸ್ಟುಡಿಯೊ ಖಾಲಿ ಬಿದ್ದಿದ್ದಾಗ, ತೊಳೆದಿಟ್ಟ ಹಳೆಯ ಹಾಳೆಗಳ ಮೇಲೆ ಆಕೆ ತಾನೇ ಒಂದು ಚಿತ್ರ ಬರೆದಳು. ಮೀನು ಮಾರುವವಳ ಹಿಂದೆ ಊರೆಲ್ಲ ಸುತ್ತುವ ಒಂದು ಕುಂಟ ಬೆಕ್ಕು, ಮೂರು ನಿಮಿಷದ್ದು. ಅದರ ಫಿಲ್ಮು ನಾಲ್ಕನೆಯ ಡಬ್ಬಿಯಲ್ಲಿದೆ.

ಬಿಭಾರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅವರು ಸೊಸೆಯಾಗಿ ಬಂದ ಎರಡನೆಯ ತಿಂಗಳು. ಸಂಜೆ ದೇವರಿಗೆ ತೋರಿಸಿದ ಧೂಪವನ್ನು ಡಬ್ಬಿಗಳಿಗೂ ತೋರಿಸುವುದು ಆ ಮನೆಯ ಪದ್ಧತಿ, ಅನ್ನ ಕೊಟ್ಟ ವಸ್ತುಗಳಲ್ಲವೇ. ಅತ್ತೆ ತೆಂಗಿನ ನಾರಿನ ಕೆಂಡವಿದ್ದ ಮಣ್ಣಿನ ಧೂಪದ ಪಾತ್ರೆ ಹಿಡಿದು ಆ ಕೋಣೆಗೆ ಹೋದರು. ವರ್ಷಗಟ್ಟಲೆ ಹೋಗುತ್ತಲೇ ಇದ್ದರು. ಅಂದು ಒಂದು ಡಬ್ಬಿ ಹೊತ್ತಿಕೊಂಡಿತು.

"ಕೊಡಗಟ್ಲೆ ನೀರು ಹುಯ್ದ್ವಿ. ನೀರೊಳಗೂ ಉರೀತು" ಎನ್ನುತ್ತಾರೆ ಬಿಭಾ. "ಅದು ಹತ್ಕೊಳ್ಳೋಕೆ ಮುಂಚೆ ನೀರಿಗೆ ಹಾಕಿದ್ರೆ ಸರಿ. ಹತ್ಕೊಂಡ್ಮೇಲೆ ಯಾರ ಮಾತೂ ಕೇಳಲ್ಲ. ಅತ್ತೇನ ಎಳ್ಕೊಂಡು ಬಂದ್ವಿ. ಸಣ್ಣ ಮಾವ ಮಾತ್ರ, ಇನ್ನೊಂದೇ ಡಬ್ಬಿ ತಂದ್ಬಿಡ್ತೀನಿ ಅಂತ ಮತ್ತೆ ಒಳಗೆ ಹೋದ್ರು. ತಂದ್ರು. ಮೈಮೇಲೆ ಒಂದು ಬೊಬ್ಬೆ ಇರ್ಲಿಲ್ಲ. ಟೀ ಕೊಡಮ್ಮಾ ಅಂದ್ರು, ನಾನೇ ಕೊಟ್ಟೆ. ಬೆಳಗಾಗೋದ್ರೊಳಗೆ ಹೋಗ್ಬಿಟ್ರು. ಬೆಂಕಿ ಮುಟ್ಟಿರ್ಲಿಲ್ಲ, ಹೊಗೆ ಕುಡಿದಿದ್ರು."

ಆ ಸಣ್ಣ ಮಾವನೇ ಸುಧಾಮಯ. ಅಂದಿನಿಂದ ಈ ಮನೆಯಲ್ಲಿ ಧೂಪವಿಲ್ಲ. ಅಡುಗೆಮನೆ ತಾರಸಿಗೆ ಹೋಗಿದೆ, ದೇವರ ಮುಂದೆ ಬ್ಯಾಟರಿಯ ದೀಪ ಮಿಣುಗುತ್ತದೆ. ಬಿಭಾ ಒಂದು ರಾತ್ರಿಯೂ ಈ ಮನೆ ಬಿಟ್ಟು ಬೇರೆಡೆ ಮಲಗಿಲ್ಲ. ಜಗಲಿಯಲ್ಲಿ ಕೆಂಡದ ಇಸ್ತ್ರಿ ಹಾಕುತ್ತಿದ್ದ ಜಗೇಶ್ವರನನ್ನು ಎದುರು ಬದಿಗೆ ಓಡಿಸಿದ್ದೂ ಅವರೇ.

"ಮೂವತ್ತು ವರ್ಷದಿಂದ ನನ್ನ ಕೆಂಡಕ್ಕೆ ಹೆದರ್ತಾ ಇದೀರಲ್ಲ ಬೌದಿ" ಎಂದು ಆತ ಎದುರಿನಿಂದ ಕೆಣಕುತ್ತಾನೆ. ಬೌದಿ ಅಂದರೆ ಅತ್ತಿಗೆ, ಓಣಿಗೆಲ್ಲ ಬಿಭಾ ಬೌದಿಯೇ. "ನನ್ನ ಹೆಂಡ್ತಿ ಕೂಡ ನಂಗೆ ಇಷ್ಟು ಹೆದರಲ್ಲ."

"ಅವಳು ನಿನ್ನೂರು ಛಪ್ರಾದಲ್ಲಿ ಆರಾಮಾಗಿದಾಳೆ, ಯಾಕೆ ಹೆದರ್ತಾಳೆ?" ಎಂದು ಬಿಭಾ ಇಲ್ಲಿಂದ. ಇಂದು ಆ ಮಾತಿಗೆ ಎಂದಿನ ಕಸುವಿಲ್ಲ.

ದೂರದ ಊರಿನ ಸಂಗ್ರಹಾಲಯವೊಂದು ಐದಕ್ಕೂ ನಕಲು ಮಾಡಿಕೊಡಲು ಒಪ್ಪಿದೆ. ಒಯ್ಯುವವರು ಸಿಗಬೇಕಲ್ಲ. ರೈಲಿನಲ್ಲಿ ಒಯ್ಯುವಂತಿಲ್ಲ, ಕೊರಿಯರ್‌ನವರು ಹಳೆಯ ಫಿಲ್ಮೆಂದು ಕೇಳಿಯೇ ಫೋನಿಟ್ಟರು. ಸಂಗ್ರಹಾಲಯದವರದೇ ತಂಪುಪೆಟ್ಟಿಗೆಯ ಗಾಡಿ ಬರುವುದು ಮಳೆ ಹಿಡಿದ ಮೇಲೆ. ಈಗ ಜ್ಯೇಷ್ಠ ಮಾಸ, ಇಲ್ಲಿಯ ಕಡುಬೇಸಿಗೆ. ಮಧ್ಯಾಹ್ನ ಓಣಿಯ ನಾಯಿಗಳೂ ಚರಂಡಿಯಲ್ಲಿ ಮಲಗುತ್ತವೆ. ಮಳೆಯವರೆಗೆ ಡಬ್ಬಿಗಳನ್ನು ತಡೆಹಿಡಿಯಬೇಕು, ಬಿಭಾರ ಪಾಡು ಅಷ್ಟೇ.

ಅವರು ಏಳುತ್ತಾರೆ. ಒದ್ದೆ ಗಮ್ಚಾ ವಸ್ತ್ರದಲ್ಲಿ ನಾಲ್ಕನೆಯ ಡಬ್ಬಿಯನ್ನು ಹಿಡಿದು ಅಂಗಳದ ನೆರಳಿಗೆ ತಂದು ಮುಚ್ಚಳ ತೆಗೆಯುತ್ತಾರೆ. ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿವೆ. ಮೇಲೆಲ್ಲ ಖರ್ಜೂರದ ಬೆಲ್ಲದ ಪಾಕದಂಥ ಕಂದು ಗುಳ್ಳೆಗಳು. ಬೆಕ್ಕು ಕಾಣುವುದಿಲ್ಲ, ಮೀನಿನವಳೂ ಕಾಣುವುದಿಲ್ಲ. ವಾಸನೆ ಈಗ ನನಗೂ ಬರುತ್ತಿದೆ. ನನಗೆ ಭಯವಾಗುತ್ತಿದೆ, ಓಡಿಹೋಗಬೇಕೆನಿಸುತ್ತಿದೆ.

"ಒಳಗಿನ ಸುತ್ತು ಚೆನ್ನಾಗಿರಬಹುದಲ್ಲ" ಎನ್ನುತ್ತೇನೆ. "ಒಂದು ವಾರ ಬೇರೆಯಾಗಿಟ್ಟು ನೋಡಿದ್ರೆ?"

"ಸಣ್ಣ ಮಾವ ಕೂಡ ಹಂಗೇ ಅಂದಿದ್ದು. ಇನ್ನೊಂದೇ, ಇನ್ನೊಂದೇ ಅಂತ." ಅವರು ಕತ್ತೆತ್ತಿ ಮೇಲಿನ ಕೋಣೆಯತ್ತ ನೋಡುತ್ತಾರೆ. "ಇದನ್ನ ಎಲ್ಲಿ ಇಡ್ಲಿ ಹೇಳಿ? ಯಾರ ತಲೆ ಕೆಳಗೆ ಇಡ್ಲಿ?"

ಎದುರು ಬದಿಯಲ್ಲಿ ಚುಸ್ ಎಂದು ಸದ್ದಾಗುತ್ತದೆ. ಜಗೇಶ್ವರ ಆಗಷ್ಟೇ ಹೊತ್ತಿಸಿದ ಕೆಂಡಕ್ಕೆ, ಯಾರೂ ಹೇಳದೆ, ಬಕೆಟ್ ನೀರು ಸುರಿದಿದ್ದಾನೆ. ಆಮೇಲೆ ಬಂದು ಮಾತಿಲ್ಲದೆ ಮೂಲೆಯ ದೊಡ್ಡ ಡ್ರಮ್ಮಿಗೆ ನಲ್ಲಿಯಿಂದ ನೀರು ತುಂಬಿಸುತ್ತಾನೆ. ಬಿಭಾ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ನೀರಿನೊಳಗೆ ಮೆಲ್ಲಗೆ ಇಳಿಸುತ್ತಾರೆ. ಗುಳುಗುಳು ಎಂದು ಗಾಳಿ ಮೇಲೆ ಬರುತ್ತದೆ, ನಿಲ್ಲುತ್ತದೆ.

"ಇನ್ನು ನಾಲ್ಕಿದಾವೆ" ಎನ್ನುತ್ತಾರೆ ಬಿಭಾ, ಬಳೆಯನ್ನು ಮತ್ತೆ ಕೈಗೇರಿಸುತ್ತ. "ಗಾಡಿ ಬಂದು ಅವನ್ನ ತಗೊಂಡು ಹೋಗ್ಲಿ. ಕೃಷ್ಣನಗರದಲ್ಲಿ ತಂಗಿ ಮನೆ ಇದೆ. ಒಂದು ರಾತ್ರಿ ಅಲ್ಲಿ ಮಲಗ್ಬೇಕು. ಬೆಳಿಗ್ಗೆ ಬೇಗ ಏಳದೇ ಇರ್ಬೇಕು. ಅಷ್ಟೇ ನನ್ನಾಸೆ."

ಮೇಲಿನಿಂದ ತೆಳ್ಳಗಿನ ದನಿ ಸೊಸೆಯನ್ನು ಕರೆಯುತ್ತದೆ. "ಬೌಮಾ, ಅಂಗಳದಲ್ಲಿ ಯಾರು ನೀರು ತುಂಬಿಸ್ತಿರೋದು?"

ಬಿಭಾ ನನ್ನ ಮುಖ ನೋಡುತ್ತಾರೆ. ಇಂದು ಬೆಳಗಿನಿಂದ ಅವರು ಹೆದರಿದ್ದಕ್ಕಿಂತ ಈಗ ಹೆಚ್ಚು ಹೆದರಿದ್ದಾರೆ. ಮೆಟ್ಟಿಲೇರುತ್ತಾರೆ, ನಾನು ಹಿಂದೆ. ಹೇಮನಲಿನಿ ಚಾವಣಿ ನೋಡುತ್ತ ಮಲಗಿದ್ದಾರೆ. ಬಿಭಾ ಮಂಚದ ಅಂಚಿಗೆ ಕೂತು, ಆ ಸಣ್ಣ ಕೈಯನ್ನು ತನ್ನ ಒದ್ದೆ ಕೈಗಳಲ್ಲಿ ಹಿಡಿದುಕೊಳ್ಳುತ್ತಾರೆ.

"ಪಿಶಿಮಾ, ನಿಮ್ಮ ಬೆಕ್ಕಿನ ಚಿತ್ರ ಕೆಟ್ಟುಹೋಗಿತ್ತು. ನೀರಿಗೆ ಹಾಕ್ಬಿಟ್ಟೆ."

ಮುದುಕಿ ಬಿಭಾರ ಒದ್ದೆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಫ್ಯಾನ್ ತಿರುಗುತ್ತಿದೆ.

"ತಣ್ಣೀರು ತಾನೆ?"

"ಹೂಂ, ಪಿಶಿಮಾ. ತಣ್ಣೀರೇ."

"ಹಂಗಾದ್ರೆ ಸರಿ. ನೆರಳಲ್ಲಿ ಒಣಗ್ಸು, ಬೌಮಾ. ಮುಂದಿನ ಚಿತ್ರಕ್ಕೆ ಬೇಕಾಗತ್ತೆ."