ಮಾಗನೂರಿನಾಕೆಯ ಬದಲಿಸಿದ ಹೆಸರು

ಗದ್ವಾಲದ ನಮ್ಮ ಕಾಲೇಜಿನಲ್ಲಿ ಇ-ಜರ್ನಲ್‌ಗಳು ಗ್ರಂಥಾಲಯದ ಕಂಪ್ಯೂಟರುಗಳಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ಮನೆಯಲ್ಲಿ ಹುಡುಕಿದರೆ ತಲೆಬರಹ, ಸಾರಾಂಶ, ಅಷ್ಟೇ. ಹಾಗಾಗಿ ಪಾಠ ಮುಗಿದ ಮೇಲೆ ಅಲ್ಲಿ ಕೂತು ವಲಸೆ ಕೂಲಿಗಳ ಬಗೆಗಿನ ಲೇಖನಗಳನ್ನು ಹುಡುಕುತ್ತಿದ್ದೆ. ಒಂದು ದಿನ ನಮ್ಮ ತೆಲಂಗಾಣ ಗಡಿಯ ಕನ್ನಡದೂರು ಮಾಗನೂರಿನ ಹೆಸರನ್ನಷ್ಟೇ ಇಂಗ್ಲಿಷಿನಲ್ಲಿ ಹಾಕಿದೆ. ಮೊದಲಿಗೇ ಬಂದದ್ದು ನನಗೆ ಗೊತ್ತಿದ್ದ ಸಂಶೋಧಕರೊಬ್ಬರ ಲೇಖನ.

ಕೆಲವು ವರ್ಷಗಳ ಹಿಂದೆ ಅವರಿಗೆ ದುಭಾಷಿಯಾಗಿ ಮಾಗನೂರಿಗೆ ಹೋದವಳು ನಾನೇ. ಅಲ್ಲಿ ಮಾತಾಡಿದಾಕೆ ಪ್ರತಿ ವರ್ಷ ಒಬ್ಬ ಮೇಸ್ತ್ರಿಯ ಗುಂಪಿನೊಂದಿಗೆ ದೂರದ ಊರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಒಮ್ಮೆ ನಡುವೆಯೇ ಊರಿಗೆ ಹೊರಟಾಗ ಮೇಸ್ತ್ರಿ ಆಕೆಯ ಮಗುವನ್ನು ತನ್ನ ಶೆಡ್ಡಿನಲ್ಲಿ ಕೂಡಿಹಾಕಿದ. ಕೆಲಸ ಮುಗಿಯುವ ತನಕ ಆಕೆ ಉಳಿಯಬೇಕಾಯಿತು. ಇದನ್ನು ಹೇಳುವ ಮೊದಲು ಕೇಳಿದಳು: "ಅಕ್ಕಾರ, ನಾನಂತ ಗೊತ್ತಾಗಂಗಿಲ್ಲಲ್ರಿ? ಮತ್ತ ಅವನ ಗುಂಪಿನಾಗೇ ಹೋಗಬೇಕು ನಾವು." ಸಂಶೋಧಕರು ಮಾತು ಕೊಟ್ಟರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಲೇಖನದಲ್ಲಿ ಹೆಸರು ಬದಲಾಗಿತ್ತು. ಬದಲಿಸಲಾಗಿದೆ ಎಂದು ಅಡಿಟಿಪ್ಪಣಿಯೂ ಇತ್ತು. ಆದರೆ ಆಕೆಯ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ನಮ್ಮ ಕಡೆ ಜನರನ್ನು ಗುರುತಿಸುವುದು ಅಡ್ಡಹೆಸರಿನಿಂದ. ಮನೆಯ ಮುಂದೆ ಏನಿದೆ, ಅಜ್ಜ ಏನು ಮಾಡುತ್ತಿದ್ದ, ಅದರ ಮೇಲೆ ಬಂದ ಹೆಸರು. ಆ ಅಡ್ಡಹೆಸರನ್ನು ಅವರು ಓರೆ ಅಕ್ಷರದಲ್ಲಿ ಇದ್ದಹಾಗೇ ಹಾಕಿ, ಅದು ಹೇಗೆ ಬಂತೆಂದು ಸ್ವಾರಸ್ಯವಾಗಿ ವಿವರಿಸಿದ್ದರು. ಮುಂದಿನ ಸಾಲಿನಲ್ಲೇ ಮೇಸ್ತ್ರಿ, ಶೆಡ್ಡು, ಮಗು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಗ್ರಂಥಪಾಲಕರು ಹಿಂದೆ ಬಂದು ನಿಂತರು. "ಓಹೋ, ನಮ್ಮ ಮಾಗನೂರು! ಪ್ರಿಂಟ್ ತೆಗದು ಬೋರ್ಡಿಗೆ ಹಚ್ಚೋಣ್ರಿ ಮೇಡಂ. ತಪಾಸಣೆಗೆ ಬಂದೋರಿಗೆ ತೋರ್ಸಾಕ ಆಗತೈತಿ. ಈ ಕಂಪ್ಯೂಟರಿನ ಮ್ಯಾಲಿನ ಬಟ್ಟಿ ತೆಗದೋರು ನೀವೊಬ್ರೇ."

"ಬ್ಯಾಡ್ರಿ."

"ಯಾಕ್ರೀ? ಊರ ಹೆಸರು ಬಂದೈತಿ!"

ನಮ್ಮ ವಿದ್ಯಾರ್ಥಿಗಳಲ್ಲಿ ಆ ಮೇಸ್ತ್ರಿಯ ತಮ್ಮನ ಮಗನಿದ್ದಾನೆ. ಕಂಪ್ಯೂಟರ್ ಆರಿಸಿದೆ.

ಸಂಶೋಧಕರಿಗೆ ಫೋನ್ ಮಾಡಿದೆ. "ಹೆಸರು ಬದಲಿಸಿದ್ದೇನಲ್ಲ?" ಎಂದರು. ಅಡ್ಡಹೆಸರಿನ ವಿಷಯ ಎತ್ತಿದೆ. "ಲೇಖನದ ಜೀವವೇ ಅದು. ಪರಿಶೀಲಿಸಿದವರು ಅದನ್ನೇ ಹೊಗಳಿದ್ದು." ಆಮೇಲೆ ನಕ್ಕರು. "ಚಿಂತೆ ಬೇಡ, ಹೊರಗಿನವರಿಗೆ ಜರ್ನಲ್ ತೆರೆಯುವುದೇ ಇಲ್ಲ. ನಿಮ್ಮ ಕಡೆ ಅದನ್ನು ಯಾರು ಓದುತ್ತಾರೆ?" ನಮ್ಮವರು ಓದುವುದಿಲ್ಲ ಎಂಬ ನಂಬಿಕೆಯ ಮೇಲೆ ಆಕೆಯನ್ನು ಬಿಟ್ಟು ಹಾಯಾಗಿದ್ದರು. ಆ ನಗು ನೆನೆದರೆ ಈಗಲೂ ಅಸಹ್ಯವಾಗುತ್ತದೆ. ಜರ್ನಲ್ಲಿನ ಸಂಪಾದಕರಿಗೆ ಬರೆದೆ; ಉತ್ತರ ಬಂದಿಲ್ಲ.

ಭಾನುವಾರ ಮಕ್ತಲ್‌ನಲ್ಲಿ ಬಸ್ ಬದಲಿಸಿ ಮಾಗನೂರಿಗೆ ಹೋದೆ. ಆಕೆ ಜೋಳ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಕೈಯಲ್ಲಿನ ಮೊರ ನಿಂತಿತು.

"ಅಷ್ಟು ಓದಿದಾವ ರೇಷನ್ ಕಾರ್ಡಿನ ಹೆಸರು ಮುಚ್ಚಿಟ್ಟಾನೇನ್ರಿ? ಆ ಹೆಸರು ಹಿಡದು ಕೂಗಿದ್ರ ನಾನೇ ಹೊಳ್ಳಿ ನೋಡಂಗಿಲ್ಲ!" ಎಂದು ನಕ್ಕಳು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. "ದಸರಾ ಆದ ಮ್ಯಾಲ ಗುಂಪು ಹೊಂಡತೈತಿ ಅಕ್ಕಾರ. ಬರಂಗಿಲ್ಲ ಅಂದ್ರ ಯಾಕಂತ ಕೇಳ್ತಾನ. ಹೋದಮ್ಯಾಲ ಅವಗ ಗೊತ್ತಾದ್ರ, ಅಲ್ಲಿ ನನಗ ಯಾರದಾರ? ಏನು ಮಾಡ್ಲಿ ಹೇಳ್ರಿ."

"ಹೋಗಬ್ಯಾಡವ್ವ," ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಹೋಗದಿದ್ದರೆ ಏನು ತಿನ್ನುವುದು ಎಂದು ಕೇಳಲಿಲ್ಲ.